ಪೂರ್ವಗ್ರಹವೂ ಪಾಠಶಾಲೆಯೂ

ಅನ್ನ ಬೆಂದಿದೆಯೇ ಎಂಬುದನ್ನು ತಿಳಿಯಬೇಕಾದರೆ ಪಾತ್ರೆಯಲ್ಲಿರುವ ಅಗುಳುಗಳನ್ನೆಲ್ಲ ಹಿಸುಕಿ ನೋಡಬೇಕಾಗಿಲ್ಲ. ಒಂದು ಅಗುಳನ್ನು ಹಿಸುಕಿದರೆ ಸಾಕು, ಉಳಿದವುಗಳ ಸ್ಥಿತಿ ತಾನಾಗಿಯೇ ತಿಳಿಯುತ್ತದೆ. ಶಾಸ್ತ್ರಕಾರರು ಇದನ್ನು ಸ್ಥಾಲೀಪುಲಾಕ ನ್ಯಾಯವೆಂದು ಕರೆದರು. ಅಡುಗೆಮನೆಯಲ್ಲಿ ಇದಕ್ಕಿಂತ ಉಪಯುಕ್ತವಾದ ನ್ಯಾಯ ಮತ್ತೊಂದಿಲ್ಲ. ಒಂದೇ ನೀರು, ಒಂದೇ ಉರಿ, ಒಂದೇ ತಳಿಯ ಅಕ್ಕಿ ಇರುವೆಡೆಯಲ್ಲಿ ಒಂದರ ಪಾಕ ಉಳಿದವುಗಳ ಪಾಕಕ್ಕೆ ಸಾಕ್ಷಿಯಾಗುತ್ತದೆ. ಆದರೆ ಇದೇ ನ್ಯಾಯವನ್ನು ಮನುಷ್ಯರ ಮೇಲೆ ಪ್ರಯೋಗಿಸಿದಾಗ ಅದು ಅನ್ಯಾಯವಾಗಿ ಪರಿಣಮಿಸುತ್ತದೆ. ಒಂದು ಕೇರಿಯ ಒಬ್ಬ ಬಾಲಕ ಸಹಪಾಠಿಯ ಪುಸ್ತಕವನ್ನು ಕದ್ದನೆಂದು ಆ ಕೇರಿಯ ಮಕ್ಕಳೆಲ್ಲರ ಚೀಲಗಳನ್ನು ಶೋಧಿಸುವುದು, ಒಂದು ಮನೆತನದ ಅಣ್ಣ ಗಣಿತದಲ್ಲಿ ಅನುತ್ತೀರ್ಣನಾದನೆಂದು ತಮ್ಮನನ್ನೂ ಹಿಂದಿನ ಬೆಂಚಿಗೆ ಕಳುಹಿಸುವುದು, ಇವೆಲ್ಲ ಅಗುಳಿನ ನ್ಯಾಯವನ್ನು ಮಗುವಿಗೆ ಅನ್ವಯಿಸಿದ ಫಲಗಳು.

ತರ್ಕಶಾಸ್ತ್ರವನ್ನು ಬಲ್ಲವರಿಗೆ ಈ ದೋಷ ಹೊಸದಲ್ಲ. ಎಲ್ಲಿ ಹೊಗೆಯುಂಟೋ ಅಲ್ಲಿ ಬೆಂಕಿಯುಂಟು ಎಂದು ಸಾಧಿಸಬೇಕಾದರೆ ಹೊಗೆಗೂ ಬೆಂಕಿಗೂ ಇರುವ ನಿಯತ ಸಂಬಂಧ, ಅಂದರೆ ವ್ಯಾಪ್ತಿ, ಮೊದಲು ಸಿದ್ಧವಾಗಿರಬೇಕು. ಸಾಧ್ಯವಿಲ್ಲದೆಡೆಯಲ್ಲಿಯೂ ಹೇತು ಕಾಣಿಸಿಕೊಂಡರೆ ಅದು ಸವ್ಯಭಿಚಾರವೆಂಬ ಹೇತ್ವಾಭಾಸ. 'ಈತನು ಇಂತಹ ಕುಲದವನು, ಆದುದರಿಂದ ಮಂದಮತಿ' ಎಂಬ ಅನುಮಾನದಲ್ಲಿ ಆ ಕುಲದ ಒಬ್ಬನೇ ಒಬ್ಬ ಮೇಧಾವಿ ದೊರೆತರೂ ವ್ಯಾಪ್ತಿ ಮುರಿದುಬೀಳುತ್ತದೆ. ವಿದ್ವತ್ಸಭೆಯಲ್ಲಿ ಇಂತಹ ವಾದವನ್ನು ಮಂಡಿಸಿದವನು ಮರುಕ್ಷಣದಲ್ಲಿಯೇ ಬಾಯಿ ಮುಚ್ಚಬೇಕಾಗುತ್ತದೆ. ಲೋಕವ್ಯವಹಾರದಲ್ಲಾದರೋ ಹಾಗಾಗುವುದಿಲ್ಲ. ಮೇಧಾವಿಯನ್ನು ಕಣ್ಣಾರೆ ಕಂಡವನು 'ಇವನು ಆ ಜಾತಿಯಲ್ಲಿ ಹುಟ್ಟಬೇಕಾದವನಲ್ಲ' ಎಂದು ಹೊಗಳಿ, ತನ್ನ ನಿಯಮವನ್ನು ಇದ್ದಂತೆಯೇ ಉಳಿಸಿಕೊಳ್ಳುತ್ತಾನೆ. ಹೊಗಳಿಕೆಯ ರೂಪದಲ್ಲಿರುವ ಈ ಮಾತು ಒಬ್ಬನನ್ನು ಎತ್ತಿ, ಅವನ ಹಿಂದಿರುವ ಸಾವಿರ ಮಂದಿಯನ್ನು ತುಳಿಯುತ್ತದೆ. ಕಾಮಾಲೆಯ ಕಣ್ಣಿಗೆ ಕಾಣುವುದೆಲ್ಲ ಹಳದಿಯೆಂಬ ಲೋಕೋಕ್ತಿ ಇಲ್ಲಿ ಅಕ್ಷರಶಃ ಸತ್ಯ.

ಪೂರ್ವಗ್ರಹವೆಂಬ ಶಬ್ದವನ್ನೇ ಬಿಡಿಸಿ ನೋಡಿದರೆ ಅದರ ಸ್ವರೂಪ ಸ್ಪಷ್ಟವಾಗುತ್ತದೆ. 'ಗ್ರಹ್' ಎಂಬ ಧಾತುವಿಗೆ ಹಿಡಿ ಎಂದರ್ಥ. ನೋಡುವುದಕ್ಕಿಂತ ಪೂರ್ವದಲ್ಲಿಯೇ ಹಿಡಿದುಕೊಂಡದ್ದು ಪೂರ್ವಗ್ರಹ. ಹಳ್ಳಿಯ ಜನ 'ಗ್ರಹ ಹಿಡಿದಿದೆ' ಎನ್ನುವಾಗ ಹಿಡಿದದ್ದು ಬೇರಾವುದೋ ಶಕ್ತಿ, ಹಿಡಿಸಿಕೊಂಡವನಿಗೆ ಅದರ ಅರಿವೇ ಇರುವುದಿಲ್ಲವೆಂದು ಭಾವಿಸುತ್ತಾರೆ. ಪೂರ್ವಗ್ರಹದ ವಿಷಯದಲ್ಲಿ ಈ ಎರಡು ಅರ್ಥಗಳೂ ಸಲ್ಲುತ್ತವೆ. ಮನುಷ್ಯನು ತಾನು ಅದನ್ನು ಹಿಡಿದಿದ್ದೇನೆಂದು ತಿಳಿಯುವುದಕ್ಕೆ ಮೊದಲೇ ಅದು ಅವನನ್ನು ಹಿಡಿದಿರುತ್ತದೆ.

ಹಾಗಾದರೆ ಮನಸ್ಸು ಈ ತಪ್ಪನ್ನು ಏಕೆ ಮತ್ತೆ ಮತ್ತೆ ಮಾಡುತ್ತದೆ? ದುಷ್ಟತನವೊಂದೇ ಕಾರಣವೆನ್ನುವುದು ಸುಲಭ, ಆದರೆ ಸತ್ಯವಲ್ಲ. ಲೋಕ ಅತಿ ವಿಶಾಲವಾದುದು, ಮನಸ್ಸಿನ ಶಕ್ತಿ ಪರಿಮಿತವಾದುದು. ಪ್ರತಿಯೊಂದು ಮರವನ್ನೂ ಹೊಸದಾಗಿ ಪರೀಕ್ಷಿಸುತ್ತ ಹೋದರೆ ಕಾಡನ್ನು ದಾಟುವುದು ಅಸಾಧ್ಯ. ಆದುದರಿಂದ ಬುದ್ಧಿಯು ವಸ್ತುಗಳನ್ನು ಗುಂಪುಗೂಡಿಸಿ, ಗುಂಪಿಗೊಂದು ಚಿತ್ರವನ್ನು ಕಟ್ಟಿಕೊಂಡು, ಆ ಚಿತ್ರದ ನೆರವಿನಿಂದ ವ್ಯವಹರಿಸುತ್ತದೆ. ಅಮೆರಿಕದ ಪತ್ರಿಕಾಲೇಖಕರಾದ ವಾಲ್ಟರ್ ಲಿಪ್‌ಮನ್ನರು 1922ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಚಿತ್ರಗಳಿಗೆ ಮುದ್ರಣಾಲಯದ ಒಂದು ಹೆಸರನ್ನು ಬಳಸಿದರು. ಕನ್ನಡದಲ್ಲಿ ಅದನ್ನು ಪಡಿಯಚ್ಚು ಎನ್ನುತ್ತಾರೆ. ಒಮ್ಮೆ ಎರಕ ಹೊಯ್ದ ಅಚ್ಚಿನಿಂದ ಸಾವಿರ ಪ್ರತಿಗಳನ್ನು ತೆಗೆಯಬಹುದು, ಆದರೆ ಯಾವ ಪ್ರತಿಯಲ್ಲಿಯೂ ಒಂದು ಅಕ್ಷರವನ್ನು ತಿದ್ದಲು ಬಾರದು. ಮನಸ್ಸಿನ ಅಚ್ಚೂ ಅಂತಹುದೇ.

1954ರಲ್ಲಿ ಗಾರ್ಡನ್ ಆಲ್‌ಪೋರ್ಟರು ಪೂರ್ವಗ್ರಹದ ಸ್ವರೂಪವನ್ನು ಕುರಿತು ಬರೆದ ಗ್ರಂಥ ಈ ಕ್ಷೇತ್ರದ ಅಧ್ಯಯನಕ್ಕೆ ಅಡಿಗಲ್ಲಾಯಿತು. ಅಂದಿನಿಂದ ವಿದ್ವಾಂಸರು ಮೂರು ಮೆಟ್ಟಿಲುಗಳನ್ನು ಬೇರ್ಪಡಿಸಿ ನೋಡುತ್ತ ಬಂದಿದ್ದಾರೆ. ಬುದ್ಧಿಯಲ್ಲಿರುವುದು ಪಡಿಯಚ್ಚು, ಭಾವದಲ್ಲಿರುವುದು ಪೂರ್ವಗ್ರಹ, ಕ್ರಿಯೆಯಲ್ಲಿ ತೋರುವುದು ತಾರತಮ್ಯ. 'ಅವರು ಸೋಮಾರಿಗಳು' ಎಂಬುದು ಮೊದಲನೆಯದು. ಅವರನ್ನು ಕಂಡೊಡನೆ ಮೂಗು ಮುರಿಯುವುದು ಎರಡನೆಯದು. ಅವರಿಗೆ ಮನೆ ಬಾಡಿಗೆಗೆ ಕೊಡದಿರುವುದು ಮೂರನೆಯದು. ಕಾನೂನು ಮೂರನೆಯದನ್ನು ಮಾತ್ರ ಹಿಡಿಯಬಲ್ಲದು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅದರ ಆಚರಣೆಗೆ ಶಿಕ್ಷೆ ವಿಧಿಸುವ ಶಾಸನ 1955ರಲ್ಲಿ ಬಂದಿತು. ಆದರೆ ಮೂಗು ಮುರಿಯುವವನ ಮೇಲೆ ಯಾವ ನ್ಯಾಯಾಲಯ ತಾನೇ ಮೊಕದ್ದಮೆ ನಡೆಸೀತು? ಮೊದಲೆರಡು ಮೆಟ್ಟಿಲುಗಳು ಶಿಕ್ಷಕನ ಪಾಲಿಗೆ ಬಿಟ್ಟ ಕ್ಷೇತ್ರಗಳು.

ಅದರಲ್ಲಿಯೂ ಭಾಷೆಯನ್ನು ಕಲಿಸುವವರ ಹೊಣೆ ದೊಡ್ಡದು. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂಬ ಮಾತನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಲಾಗುತ್ತದೆ. ಗಾದೆಯ ವಿಸ್ತರಣೆಗೆ ಪರೀಕ್ಷೆಯಲ್ಲಿ ಅಂಕಗಳೂ ಉಂಟು. ಗಾದೆಗಳಲ್ಲಿ ಜನಪದದ ವಿವೇಕ ರಾಶಿಗೊಂಡಿದೆಯೆಂಬುದು ನಿರ್ವಿವಾದ. ಆದರೆ ಜನಪದದ ಪೂರ್ವಗ್ರಹವೂ ಅಲ್ಲಿಯೇ ಮನೆಮಾಡಿಕೊಂಡಿದೆ. ಜಾತಿ ಜಾತಿಗಳನ್ನು ಹಳಿಯುವ ಗಾದೆಗಳು ಸಂಗ್ರಹಗಳಲ್ಲಿ ಪುಟಗಟ್ಟಲೆ ದೊರೆಯುತ್ತವೆ. ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆಂದು ಒಂದು ಗಾದೆ ಸಾರುತ್ತದೆ. ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹುಡುಗಿಯರ ತೇರ್ಗಡೆಯ ಪ್ರಮಾಣ ಹಲವು ವರ್ಷಗಳಿಂದ ಹುಡುಗರದಕ್ಕಿಂತ ಮೇಲಾಗಿದೆ. ಆದರೂ ಗಾದೆ ನಾಲಿಗೆಯಿಂದ ಇಳಿದಿಲ್ಲ. 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಮಾತನ್ನು ಪೂರ್ಣಸತ್ಯವೆಂದು ನಂಬುವುದಾದರೆ ಪಾಠಶಾಲೆಗಳನ್ನು ಮುಚ್ಚುವುದೇ ಲೇಸು, ಏಕೆಂದರೆ ವಿದ್ಯೆಯ ಅಸ್ತಿಭಾರವೇ ಮನುಷ್ಯ ಬದಲಾಗಬಲ್ಲನೆಂಬ ನಂಬಿಕೆ. ಗಾದೆಯನ್ನು ವಿಸ್ತರಿಸಲು ಹೇಳುವಂತೆಯೇ ಒಮ್ಮೊಮ್ಮೆ ಅದನ್ನು ಖಂಡಿಸಲು ಹೇಳುವ ಉಪಾಧ್ಯಾಯನು ಭಾಷೆಗೆ ದ್ರೋಹ ಬಗೆದಂತಾಗುವುದಿಲ್ಲ.

ಬಹುಕಾಲದ ವೈರ, ಆಸ್ತಿಯ ಜಗಳ, ಧರ್ಮದ ಭಿನ್ನತೆ ಇವು ಇದ್ದರೆ ಮಾತ್ರ ಗುಂಪುಗಾರಿಕೆ ಹುಟ್ಟುತ್ತದೆಯೆಂದು ಸಾಮಾನ್ಯರು ಭಾವಿಸುತ್ತಾರೆ. ಈ ಭಾವನೆಯನ್ನು ಅಲ್ಲಗಳೆದವರು ಹೆನ್ರಿ ತಜ್ಫೆಲರು. ಪೋಲೆಂಡಿನ ಯೆಹೂದಿ ಕುಟುಂಬದಲ್ಲಿ ಜನಿಸಿದ ಅವರ ಬಂಧುವರ್ಗದ ಬಹುಮಂದಿ ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ಕೈಯಲ್ಲಿ ಹತರಾಗಿದ್ದರು. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು, 1970ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಹದಿನಾಲ್ಕು ಹದಿನೈದು ವರ್ಷದ ಶಾಲಾ ಬಾಲಕರನ್ನು ಎರಡು ಗುಂಪುಗಳಾಗಿ ವಿಂಗಡಿಸಿದರು. ಪರದೆಯ ಮೇಲೆ ಮಿಂಚಿ ಮಾಯವಾದ ಚುಕ್ಕೆಗಳನ್ನು ಹೆಚ್ಚಾಗಿ ಎಣಿಸಿದವರು ಒಂದು ಗುಂಪು, ಕಡಮೆ ಎಣಿಸಿದವರು ಮತ್ತೊಂದು ಗುಂಪು ಎಂದು ಹುಡುಗರಿಗೆ ಹೇಳಲಾಯಿತು. ವಾಸ್ತವವಾಗಿ ಆ ವಿಂಗಡಣೆಗೆ ಯಾವ ಆಧಾರವೂ ಇರಲಿಲ್ಲ. ತನ್ನ ಗುಂಪಿನಲ್ಲಿ ಯಾರಿದ್ದಾರೆಂಬುದೂ ಯಾವ ಹುಡುಗನಿಗೂ ತಿಳಿದಿರಲಿಲ್ಲ. ಆದರೂ ಹಣವನ್ನು ಹಂಚುವ ಸಂದರ್ಭ ಬಂದಾಗ ಹುಡುಗರು ತಮ್ಮ ಗುಂಪಿಗೆ ಹೆಚ್ಚು, ಇತರರಿಗೆ ಕಡಮೆ ಕೊಟ್ಟರು. ಅಷ್ಟೇ ಅಲ್ಲ, ತಮ್ಮವರಿಗೆ ದೊರೆಯುವ ಮೊತ್ತ ಸ್ವಲ್ಪ ಕಡಮೆಯಾದರೂ ಚಿಂತೆಯಿಲ್ಲ, ಇತರರಿಗಿಂತ ಹೆಚ್ಚಾಗಿದ್ದರೆ ಸಾಕೆಂಬ ಪ್ರವೃತ್ತಿಯೂ ಕಂಡುಬಂದಿತು. ಚುಕ್ಕೆಗಳ ಲೆಕ್ಕದ ಮೇಲೆ ಕಟ್ಟಿದ ಗುಂಪೇ ಹೀಗೆ ನಡೆದುಕೊಂಡರೆ, ಸಾವಿರಾರು ವರ್ಷಗಳಿಂದ ಊಟ, ಉಡಿಗೆ, ವಿವಾಹ, ವಸತಿಗಳಿಂದ ಬಲಗೊಂಡ ಗುಂಪುಗಳ ಮಾತೇನು! ಬೀಜ ಎಲ್ಲ ಮನಸ್ಸುಗಳಲ್ಲಿಯೂ ಉಂಟು. ಅದಕ್ಕೆ ನೀರೆರೆಯುವುದೋ ಬಿಡುವುದೋ ಸಮಾಜದ ವ್ಯವಸ್ಥೆಗೆ ಸೇರಿದ್ದು.

ಪೂರ್ವಗ್ರಹದಿಂದ ನೊಂದವನಿಗೆ ಆಗುವ ಹಾನಿಯಲ್ಲಿ ಕಣ್ಣಿಗೆ ಕಾಣುವುದು ಅರ್ಧ ಭಾಗ ಮಾತ್ರ. ಡಾಕ್ಟರ್ ಅಂಬೇಡ್ಕರರು ಸಾತಾರದ ಶಾಲೆಯಲ್ಲಿ ಓದುತ್ತಿದ್ದಾಗ ತರಗತಿಯ ಮೂಲೆಯಲ್ಲಿ ಪ್ರತ್ಯೇಕವಾಗಿ ಗೋಣಿತಟ್ಟಿನ ತುಂಡೊಂದರ ಮೇಲೆ ಕುಳಿತುಕೊಳ್ಳಬೇಕಾಗಿತ್ತು. ಶಾಲೆಯ ಜವಾನನು ಆ ತಟ್ಟನ್ನು ಮುಟ್ಟುತ್ತಿರಲಿಲ್ಲವಾದುದರಿಂದ ಬಾಲಕನೇ ಅದನ್ನು ದಿನವೂ ಮನೆಗೆ ಒಯ್ದು ಮರಳಿ ತರಬೇಕಾಗಿತ್ತು. ಬಾಯಾರಿದರೆ ಜವಾನನೇ ಬಂದು ನಲ್ಲಿ ತಿರುಗಿಸಬೇಕು. ಅವನಿಲ್ಲದ ದಿನ ನೀರೂ ಇಲ್ಲ. ಆ ಬಾಲಕನು ಮುಂದೆ ಸಂವಿಧಾನದ ಕರಡು ರಚನಾ ಸಮಿತಿಯ ಅಧ್ಯಕ್ಷನಾದುದನ್ನು ನೆನೆದು ಲೋಕ ಹಿಗ್ಗುತ್ತದೆ. ಆದರೆ ಅಂತಹುದೇ ತಟ್ಟಿನ ಮೇಲೆ ಕುಳಿತು, ತಾನು ಅಲ್ಲಿಗೇ ತಕ್ಕವನೆಂದು ನಂಬಿ, ಶಾಲೆಯನ್ನು ತೊರೆದುಹೋದ ಮಕ್ಕಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಹೀಗೆ ನಂಬುವ ಮನಸ್ಸನ್ನು ಅಳೆದು ತೋರಿಸಿದವರು ಅಮೆರಿಕದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿಗಳು. 1940ರ ದಶಕದಲ್ಲಿ ಅವರು ನೀಗ್ರೋ ಎಂದು ಆಗ ಕರೆಯಲಾಗುತ್ತಿದ್ದ ಕರಿಯ ಜನಾಂಗದ ಎಳೆಯ ಮಕ್ಕಳ ಮುಂದೆ ಬಣ್ಣದ ಹೊರತು ಎಲ್ಲದರಲ್ಲಿಯೂ ಸಮಾನವಾದ ಗೊಂಬೆಗಳನ್ನಿಟ್ಟು, ಒಳ್ಳೆಯ ಗೊಂಬೆ ಯಾವುದೆಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯ ಗೊಂಬೆಯತ್ತ ಕೈ ತೋರಿದರು. ಅನಂತರ 'ನಿನ್ನಂತಿರುವ ಗೊಂಬೆ ಯಾವುದು?' ಎಂದು ಕೇಳಿದಾಗ ಕೆಲವು ಮಕ್ಕಳು ಅತ್ತುಬಿಟ್ಟರು. 1954ರಲ್ಲಿ ಶಾಲೆಗಳಲ್ಲಿನ ವರ್ಣಭೇದವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಕಾನೂನುಬಾಹಿರವೆಂದು ಸಾರಿದ ತೀರ್ಪಿನ ಅಡಿಟಿಪ್ಪಣಿಯಲ್ಲಿ ಈ ಸಂಶೋಧನೆಯ ಉಲ್ಲೇಖವಿದೆ.

ಇದು ದೂರದೇಶದ ಕಥೆಯೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಗ್ರಾಮಾಂತರದಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದುಂಟು. ಮೇಲ್ಜಾತಿಯ 321 ಮತ್ತು ಕೆಳಜಾತಿಯೆನಿಸಿದ 321 ಶಾಲಾ ಬಾಲಕರಿಗೆ ಕಾಗದದ ಮೇಲಿನ ಚಕ್ರವ್ಯೂಹದಂತಹ ಚಿತ್ರಗಳಲ್ಲಿ ದಾರಿ ಕಂಡುಹಿಡಿಯುವ ಕೆಲಸವನ್ನು ಕೊಟ್ಟು, ಬಿಡಿಸಿದಷ್ಟಕ್ಕೂ ಹಣ ಕೊಡುವುದಾಗಿ ಹೇಳಲಾಯಿತು. ಜಾತಿಯ ಪ್ರಸ್ತಾಪವಿಲ್ಲದೆ ಕುಳ್ಳಿರಿಸಿದಾಗ ಇಬ್ಬಗೆಯ ಬಾಲಕರೂ ಸರಿಸಮನಾಗಿ ಬಿಡಿಸಿದರು. ಅನಂತರ ಬೇರೊಂದು ತಂಡದಲ್ಲಿ, ಕೆಲಸಕ್ಕೆ ಮೊದಲು ಪ್ರತಿಯೊಬ್ಬನ ಹೆಸರು, ತಂದೆಯ ಹೆಸರು, ಜಾತಿ ಇವುಗಳನ್ನು ಎಲ್ಲರ ಮುಂದೆ ಓದಿ ಹೇಳಲಾಯಿತು. ಯಾರೂ ಬೈಯಲಿಲ್ಲ, ಯಾರೂ ಹೀಯಾಳಿಸಲಿಲ್ಲ, ಓದಿ ಹೇಳಿದ್ದಷ್ಟೇ. ಅಷ್ಟರಿಂದಲೇ ಕೆಳಜಾತಿಯ ಬಾಲಕರ ಸಾಧನೆ ಗಣನೀಯವಾಗಿ ಕುಸಿದು, ಎರಡು ವರ್ಗಗಳ ನಡುವೆ ದೊಡ್ಡ ಅಂತರ ಏರ್ಪಟ್ಟಿತು. ಬುದ್ಧಿ ಅದೇ, ಕಾಗದ ಅದೇ, ಕೂಲಿಯೂ ಅದೇ. ನಡುವೆ ಬಂದದ್ದು ಒಂದು ಶಬ್ದ ಮಾತ್ರ.

ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಸಿಕೊಳ್ಳುವ ದಿನ ಇಂತಿಂತಹ ವರ್ಗದ ಮಕ್ಕಳು ಎದ್ದು ನಿಲ್ಲಿರೆಂದು ತುಂಬಿದ ತರಗತಿಯಲ್ಲಿ ಕೂಗಿ ಹೇಳುವ ಪದ್ಧತಿ ಎಷ್ಟೋ ಶಾಲೆಗಳಲ್ಲಿ ಉಂಟು. ಕೂಗಿದವರ ಮನಸ್ಸಿನಲ್ಲಿ ಕೇಡಿಲ್ಲ. ಕೆಲಸ ಬೇಗ ಮುಗಿಯಲೆಂಬ ಉದ್ದೇಶವಷ್ಟೆ. ಆದರೆ ಎದ್ದು ನಿಂತ ಮಗು ಅನಂತರದ ಗಣಿತದ ಪಾಠಕ್ಕೆ ಯಾವ ಮನಸ್ಸಿನಿಂದ ಕುಳಿತುಕೊಳ್ಳುತ್ತದೆಂಬುದನ್ನು ಮೇಲಿನ ಪ್ರಯೋಗ ಹೇಳುತ್ತದೆ.

ಮತ್ತೊಂದು ಸಂಶೋಧನೆ ಉಪಾಧ್ಯಾಯವರ್ಗವನ್ನೇ ಕುರಿತದ್ದು. ರೆಮಾ ಹನ್ನಾ ಮತ್ತು ಲೀ ಲಿಂಡನ್ ಎಂಬ ವಿದ್ವಾಂಸರು ಭಾರತದಲ್ಲಿ ಮಕ್ಕಳಿಗೊಂದು ಸ್ಪರ್ಧಾಪರೀಕ್ಷೆಯನ್ನು ಏರ್ಪಡಿಸಿ, ಉತ್ತರಪತ್ರಿಕೆಗಳ ಮೇಲೆ ಮಗುವಿನ ವಯಸ್ಸು, ಲಿಂಗ, ಜಾತಿಗಳನ್ನು ಮನಬಂದಂತೆ ಬದಲಾಯಿಸಿ ಬರೆದು, ಉಪಾಧ್ಯಾಯರಿಂದ ಮೌಲ್ಯಮಾಪನ ಮಾಡಿಸಿದರು. 2012ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ ಕೆಳಜಾತಿಯ ಹೆಸರು ಹೊತ್ತ ಪತ್ರಿಕೆಗಳಿಗೆ ಅಂಕ ಸ್ವಲ್ಪ ಕಡಮೆಯಾಗಿಯೇ ಬಿದ್ದಿತ್ತು. ಅಂತರ ದೊಡ್ಡದಲ್ಲ, ಆದರೆ ಉತ್ತರ ಒಂದೇ ಆಗಿರುವಾಗ ಅಂತರವೇ ಇರಬಾರದಾಗಿತ್ತು. ಇದಕ್ಕಿಂತಲೂ ಚಿಂತನೀಯವಾದುದು ಮುಂದಿನ ಮಾತು. ಹೀಗೆ ಕಡಮೆ ಅಂಕ ಕೊಟ್ಟವರು ಮುಖ್ಯವಾಗಿ ಮೇಲ್ಜಾತಿಯ ಉಪಾಧ್ಯಾಯರಲ್ಲ, ಕೆಳಜಾತಿಯ ಉಪಾಧ್ಯಾಯರೇ! ಆರೋಪಿಯನ್ನು ಹುಡುಕಲು ಹೊರಟವರು ಇಲ್ಲಿ ಗೊಂದಲಕ್ಕೊಳಗಾಗುತ್ತಾರೆ. ಪೂರ್ವಗ್ರಹವನ್ನು ಒಂದು ಜಾತಿಯ ದುರ್ಗುಣವೆಂದು ತಿಳಿದವರಿಗೆ ಇದು ಒಗಟು. ಅದು ಇಡೀ ಸಮಾಜ ಉಸಿರಾಡುವ ಗಾಳಿಯೆಂದು ತಿಳಿದವರಿಗೆ ಒಗಟಲ್ಲ. ಹೊಡೆತ ತಿಂದವನೂ ಹೊಡೆದವನ ಕಣ್ಣಿನಿಂದಲೇ ತನ್ನವರನ್ನು ನೋಡಲು ಕಲಿಯುತ್ತಾನೆ.

ಈ ಹಿನ್ನೆಲೆಯಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆದರೆ ಶರಣರ ಸಾಧನೆಯ ಒಂದು ಮುಖ ಹೊಸದಾಗಿ ಕಾಣುತ್ತದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಈ ಹೆಸರುಗಳಲ್ಲಿ ಕುಲದ, ಕಾಯಕದ ಗುರುತು ಅಡಗಿಲ್ಲ, ಎದುರಿಗೇ ನಿಂತಿದೆ. ಶರಣರು ಅದನ್ನು ಮುಚ್ಚಿಡಲಿಲ್ಲ. ಉತ್ತರ ಪ್ರದೇಶದ ಬಾಲಕನನ್ನು ಕುಗ್ಗಿಸಿದ್ದು ಕುಲದ ಹೆಸರಿನ ಉಚ್ಚಾರಣೆ; ಅನುಭವಮಂಟಪದಲ್ಲಿ ಅದೇ ಹೆಸರು ಬಿರುದಾಯಿತು. ವ್ಯತ್ಯಾಸವೆಲ್ಲಿ? ವ್ಯತ್ಯಾಸ ಹೆಸರಿನಲ್ಲಿಲ್ಲ, ಅದನ್ನು ಕೇಳುವ ಸಭೆಯಲ್ಲಿದೆ. ದೋಣಿ ನಡೆಸುವವನೂ ಬಟ್ಟೆ ಒಗೆಯುವವನೂ ಹಗ್ಗ ಹೊಸೆಯುವವನೂ ರಾಜ್ಯದ ಭಂಡಾರಿಯ ಎದುರು ಸಮಾನವಾಗಿ ಕುಳಿತು ಮಾತನಾಡುವ, ಭಂಡಾರಿಯ ಮಾತನ್ನು ಆಕ್ಷೇಪಿಸುವ ಸ್ವಾತಂತ್ರ್ಯ ಆ ಸಭೆಯಲ್ಲಿತ್ತು. ಸಭೆಯ ಬೆಲೆಗಟ್ಟುವ ರೀತಿ ಬದಲಾದೊಡನೆ ಹೆಸರಿನ ಬೆಲೆಯೂ ಬದಲಾಯಿತು. ಹರಳಯ್ಯನವರ ಮಗನಿಗೆ ಮಧುವರಸರ ಮಗಳನ್ನು ತಂದು ವಿವಾಹ ಮಾಡಿದುದಕ್ಕಾಗಿ ಇಬ್ಬರು ತಂದೆಯರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂದು ಪರಂಪರೆ ಹೇಳುತ್ತದೆ. ಮಂಟಪದೊಳಗೆ ಬದಲಾದ ಬೆಲೆಯನ್ನು ಮಂಟಪದ ಹೊರಗಿನ ಲೋಕ ಒಪ್ಪಲಿಲ್ಲವೆಂಬುದಕ್ಕೆ ಇದಕ್ಕಿಂತ ದಾರುಣವಾದ ಸಾಕ್ಷ್ಯ ಬೇಕಿಲ್ಲ.

ಇಂತಹ ಪರಂಪರೆಯ ನೆರಳಿನಲ್ಲಿ ಬೆಳೆದ ವಿದ್ಯಾಸಂಸ್ಥೆಗಳಿಗೆ ಇದು ಅಭಿಮಾನದ ವಿಷಯ. ಅಷ್ಟೇ ಅಪಾಯದ ವಿಷಯವೂ ಹೌದು. ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಪ್ರತಿವರ್ಷ ಬಸವಜಯಂತಿಯಂದು ವೇದಿಕೆಗಳ ಮೇಲೆ ಸಮಾನತೆಯ ಭಾಷಣಗಳು ಆಗುತ್ತವೆ. ಭಾಷಣ ಕೇಳಿದವರಿಗೂ ಮಾಡಿದವರಿಗೂ 'ಭೇದವೆಂಬುದು ಇಲ್ಲಿಲ್ಲ' ಎಂಬ ತೃಪ್ತಿ ಉಂಟಾಗುತ್ತದೆ. ಆ ತೃಪ್ತಿಯನ್ನೇ ಮನಶ್ಶಾಸ್ತ್ರಜ್ಞರು ಸಂದೇಹದಿಂದ ನೋಡುತ್ತಾರೆ. ಮೊನಿನ್ ಮತ್ತು ಮಿಲ್ಲರ್ ಎಂಬ ವಿದ್ವಾಂಸರು 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಾವು ಪಕ್ಷಪಾತಿಗಳಲ್ಲವೆಂದು ಮೊದಲು ತೋರಿಸಿಕೊಳ್ಳಲು ಅವಕಾಶ ದೊರೆತವರು ಅನಂತರ ಪಕ್ಷಪಾತದ ನಿರ್ಣಯಕ್ಕೆ ಇತರರಿಗಿಂತ ಸುಲಭವಾಗಿ ಜಾರಿದರು. ಪುಣ್ಯದ ಗಂಟು ಕೈಯಲ್ಲಿದೆಯೆಂದು ತಿಳಿದವನು ಖರ್ಚಿಗೆ ಹಿಂದುಮುಂದು ನೋಡುವುದಿಲ್ಲವಷ್ಟೆ. ಹಿರಿಯರು ಭೇದವನ್ನು ಅಳಿಸಿದರೆಂಬ ಹೆಮ್ಮೆ, ತನ್ನಲ್ಲಿರುವ ಭೇದವನ್ನು ಕಾಣದಂತೆ ಕಟ್ಟಿದ ಪರದೆಯಾಗಬಾರದು. ಕುಲವನ್ನು ಕೇಳಬಾರದೆಂದು ಸಾರಿದ ಮಾರ್ಗದಲ್ಲಿಯೇ ಒಳಪಂಗಡಗಳ ಲೆಕ್ಕಾಚಾರ ವಿವಾಹದ ಮಾತುಕತೆಯಲ್ಲಿಯೂ ಆಡಳಿತ ಮಂಡಳಿಗಳ ಚುನಾವಣೆಯಲ್ಲಿಯೂ ತಲೆಯೆತ್ತುವುದನ್ನು ಬಲ್ಲವರು ಬಲ್ಲರು. ಇದನ್ನು ಹೇಳುವುದು ನಿಂದೆಯಲ್ಲ. ರೋಗವನ್ನು ಮುಚ್ಚಿಟ್ಟ ಮನೆಗೆ ವೈದ್ಯನಿಂದ ಪ್ರಯೋಜನವಿಲ್ಲ.

ಉಪದೇಶದಿಂದ ಹೋಗದ ಈ ರೋಗಕ್ಕೆ ಮದ್ದೇನು? ಆಲ್‌ಪೋರ್ಟರು ಅದನ್ನೂ ಸೂಚಿಸಿದ್ದರು. ಬೇರೆ ಬೇರೆ ಗುಂಪಿನವರು ಒಂದೆಡೆ ಸೇರಿದ ಮಾತ್ರಕ್ಕೆ ಪ್ರೀತಿ ಹುಟ್ಟುವುದಿಲ್ಲ. ಸೇರಿದವರ ಸ್ಥಾನ ಸಮಾನವಾಗಿರಬೇಕು. ಗುರಿ ಒಂದೇ ಆಗಿರಬೇಕು. ಅದನ್ನು ಪರಸ್ಪರ ನೆರವಿನಿಂದ ಸಾಧಿಸಬೇಕು. ಹಿರಿಯರ, ಅಧಿಕಾರಸ್ಥರ ಸಮ್ಮತಿ ಅದಕ್ಕಿರಬೇಕು. ಒಡೆಯನೂ ಆಳೂ ದಿನವೆಲ್ಲ ಒಂದೇ ಹೊಲದಲ್ಲಿದ್ದರೂ ಪೂರ್ವಗ್ರಹ ಕರಗದಿರಲು ಕಾರಣವಿದು. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಕ್ರಿಕೆಟ್ ಮೈದಾನದಲ್ಲಿ ಪರೀಕ್ಷಿಸಿತು. ನಾನಾ ಜಾತಿಯ 1,261 ತರುಣರು ಅದರಲ್ಲಿ ಒಳಗೊಂಡಿದ್ದರು. ಒಂದೇ ತಂಡದಲ್ಲಿ ಕೂಡಿ ಆಡಿದ ಭಿನ್ನ ಜಾತಿಯವರಲ್ಲಿ ಸ್ನೇಹ ಬೆಳೆಯಿತು, ಸ್ವಜಾತಿಯ ಪಕ್ಷಪಾತ ತಗ್ಗಿತು. ಎದುರಾಳಿಗಳಾಗಿ ಮಾತ್ರ ಸಂಧಿಸಿದವರಲ್ಲಿ ಪರಿಣಾಮ ಬಹುಮಟ್ಟಿಗೆ ವಿರುದ್ಧವಾಯಿತು. ಕಬಡ್ಡಿ, ಕೊಕ್ಕೋ ತಂಡಗಳನ್ನು ಓಣಿವಾರು ಕಟ್ಟುವ ದೈಹಿಕ ಶಿಕ್ಷಕರಿಗೆ ಇದರಲ್ಲಿ ದೊಡ್ಡ ಪಾಠವಿದೆ. ದೆಹಲಿಯ ಶ್ರೀಮಂತ ಖಾಸಗಿ ಶಾಲೆಗಳಲ್ಲಿ ಬಡಮಕ್ಕಳಿಗೆ ಸ್ಥಾನ ಕೊಡಬೇಕೆಂಬ ನಿಯಮ ಜಾರಿಯಾದ ಮೇಲೆ ಏನಾಯಿತೆಂಬುದನ್ನು ಗೌತಮ್ ರಾವ್ ಎಂಬ ವಿದ್ವಾಂಸರು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಬಡ ಸಹಪಾಠಿಗಳೊಡನೆ ಓದಿದ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾದರು, ಬಡವರನ್ನು ದೂರವಿಡುವ ಪ್ರವೃತ್ತಿ ಅವರಲ್ಲಿ ಕಡಮೆಯಾಯಿತು.

ಮಠಗಳ ಉಚಿತ ಪ್ರಸಾದನಿಲಯಗಳು ಈ ಗ್ರಂಥಗಳು ಹುಟ್ಟುವುದಕ್ಕೆ ಮೊದಲೇ ಇದೇ ಮದ್ದನ್ನು ಅರೆದಿದ್ದವು. ತುಮಕೂರಿನ ಸಿದ್ಧಗಂಗೆಯಲ್ಲಿ, 2019ರಲ್ಲಿ ನೂರಹನ್ನೊಂದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಕಾಲದಲ್ಲಿ ಎಲ್ಲ ಜಾತಿಮತಗಳ ಸಾವಿರಾರು ಮಕ್ಕಳು ಒಂದೇ ಛಾವಣಿಯಡಿ ಉಂಡು ಓದಿದರು. ಒಂದೇ ಸಾಲಿನಲ್ಲಿ ಕುಳಿತು, ಒಂದೇ ಹಂಡೆಯ ಅನ್ನವನ್ನು ಉಂಡು, ಸರದಿಯ ಮೇಲೆ ಬಡಿಸಿ, ಸರದಿಯ ಮೇಲೆ ನೆಲ ಬಳಿದ ಹುಡುಗನಿಗೆ ಸಮಾನತೆ ಕೇಳಿ ತಿಳಿದ ಸಿದ್ಧಾಂತವಲ್ಲ, ಮೈಗೆ ಹತ್ತಿದ ಅಭ್ಯಾಸ. ಪೂರ್ವಗ್ರಹ ಅಭ್ಯಾಸದಿಂದ ಬಂದದ್ದು. ಅದನ್ನು ಕಳೆಯಬಲ್ಲದ್ದೂ ಮತ್ತೊಂದು ಅಭ್ಯಾಸವೇ.

ಆದುದರಿಂದ ಇಂತಹ ವಿದ್ಯಾಲಯಗಳ ಹಿತೈಷಿಗಳಾದವರು ಕೆಲವು ಸಣ್ಣ ಕೆಲಸಗಳನ್ನು ಕೈಗೊಳ್ಳುವುದು ಯುಕ್ತ. ಸಾರ್ವತ್ರಿಕ ಪರೀಕ್ಷೆಯಲ್ಲಿರುವಂತೆ ಶಾಲೆಯ ಕಿರುಪರೀಕ್ಷೆಗಳಲ್ಲಿಯೂ ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ಸಂಖ್ಯೆಯನ್ನು ಬರೆಸಬಹುದು. ಜಾತಿ ಪ್ರಮಾಣಪತ್ರದ, ವಿದ್ಯಾರ್ಥಿವೇತನದ ವಿಷಯವನ್ನು ಕಚೇರಿಯಲ್ಲಿ ಪ್ರತ್ಯೇಕವಾಗಿ ಮಾತನಾಡಬಹುದು. ತರಗತಿಯನ್ನು ಗುಡಿಸುವ, ನೀರು ತರುವ ಸರದಿಯ ಪಟ್ಟಿಯನ್ನು ವರ್ಷಕ್ಕೊಮ್ಮೆ ಮುಖ್ಯೋಪಾಧ್ಯಾಯರು ತೆರೆದು ನೋಡಬಹುದು. ಅದರಲ್ಲಿ ಯಾವ ಕೇರಿಯ ಹೆಸರುಗಳು ಹೆಚ್ಚಾಗಿವೆಯೆಂಬುದು ಭಾಷಣಗಳಿಗಿಂತ ಸ್ಪಷ್ಟವಾಗಿ ಸತ್ಯವನ್ನು ನುಡಿಯುತ್ತದೆ. ದಡ್ಡನೆಂಬ ಶಬ್ದವನ್ನು ಉಪಾಧ್ಯಾಯರ ಕೊಠಡಿಯಿಂದಲೇ ಹೊರಹಾಕಬಹುದು, ಏಕೆಂದರೆ ಅಲ್ಲಿ ಆಡಿದ ಮಾತು ಸಂಜೆಯೊಳಗೆ ಮಗುವಿನ ಕಿವಿಯನ್ನು ಮುಟ್ಟುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಕಾರ್ಖಾನೆ, ಕಚೇರಿ, ಅಂಗಡಿಗಳಲ್ಲಿ ಕೆಲಸ ಕೊಡುವ ಸ್ಥಾನದಲ್ಲಿದ್ದಾರೆ. ಸುಖದೇವ ಥೋರಟ್ ಮತ್ತು ಪಾಲ್ ಆಟ್ಟೆವೆಲ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಅಂತಹವರು ಓದತಕ್ಕದ್ದು. ಪತ್ರಿಕೆಗಳಲ್ಲಿ ಬಂದ 548 ಉದ್ಯೋಗ ಪ್ರಕಟನೆಗಳಿಗೆ ಸಮಾನ ಯೋಗ್ಯತೆಯ 4,808 ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳುಹಿಸಲಾಯಿತು. ಮೇಲ್ಜಾತಿಯ ಹಿಂದೂ ಹೆಸರಿನ ಅರ್ಜಿದಾರನೊಡನೆ ಹೋಲಿಸಿದರೆ ಕರೆ ಬರುವ ಸಂಭವ ದಲಿತ ಹೆಸರಿನವನಿಗೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿನವನಿಗೆ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಇತ್ತು. ಅರ್ಜಿಗಳನ್ನು ಬದಿಗೆ ಸರಿಸಿದವರೂ ಯಾವುದೋ ಒಳ್ಳೆಯ ಶಾಲೆಯಲ್ಲಿ ಓದಿದವರೇ ಅಲ್ಲವೆ? ಶಾಲೆಯಲ್ಲಿ ಕಲಿತದ್ದು ಮೇಜಿನ ಆಚೆ ಕುಳಿತಾಗ ಪರೀಕ್ಷೆಗೊಳಗಾಗುತ್ತದೆ.

ದಾನಿಗಳ ವಿಷಯದಲ್ಲಿ ಒಂದು ವಿನಯದ ಮಾತು ಸಲ್ಲುತ್ತದೆ. ದತ್ತಿನಿಧಿಗಳನ್ನು ಸ್ಥಾಪಿಸುವಾಗ ಇಂತಹ ಪಂಗಡದ, ಇಂತಹ ಊರಿನ ವಿದ್ಯಾರ್ಥಿಗೇ ಸಲ್ಲಬೇಕೆಂದು ಷರತ್ತು ವಿಧಿಸುವುದುಂಟು. ತಂದೆತಾಯಿಗಳ ನೆನಪಿಗಾಗಿ ಕೊಡುವವರ ಭಾವನೆ ಗೌರವಾರ್ಹವಾದುದೇ. ಆದರೆ ಬ್ರಿಸ್ಟಲಿನ ಬಾಲಕರು ಚುಕ್ಕೆಗಳ ಲೆಕ್ಕದ ಮೇಲೆ ಹಣ ಹಂಚಿದುದಕ್ಕೂ ಈ ಷರತ್ತಿಗೂ ಇರುವ ದೂರವೆಷ್ಟು? ದಾಸೋಹವೆಂಬುದು ಬಂದವನ ಹಸಿವನ್ನು ನೋಡುತ್ತದೆ, ಅವನ ಬೆನ್ನ ಹಿಂದಿನ ಮನೆತನವನ್ನಲ್ಲ. ಹಸಿವು ಹೆಚ್ಚಾಗಿರುವೆಡೆಗೆ ಅನ್ನ ಹೆಚ್ಚು ಹೋಗಲಿ ಎಂದು ಬಯಸುವ ದತ್ತಿಯೇ ಆ ಹೆಸರಿಗೆ ಸಲ್ಲುವ ದತ್ತಿ.

'ಗ್ರಹ್' ಧಾತುವಿನಿಂದಲೇ ಹುಟ್ಟಿದ ಮತ್ತೊಂದು ಶಬ್ದ ಅನುಗ್ರಹ. ಪೂರ್ವಗ್ರಹವು ನೋಡುವ ಮೊದಲೇ ಹಿಡಿಯುತ್ತದೆ. ಅನುಗ್ರಹವು ಬಳಿಗೆ ಬಂದವನನ್ನು ಅವನಿದ್ದಂತೆ ಕೈಹಿಡಿಯುತ್ತದೆ. ಶಾಲೆಯ ಬಾಗಿಲಿಗೆ ಜೂನ್ ತಿಂಗಳಿನಲ್ಲಿ ಚೀಲ ಹೊತ್ತು ಬರುವ ಪ್ರತಿಯೊಂದು ಮಗುವೂ ಇವೆರಡರಲ್ಲಿ ಒಂದನ್ನು ಎದುರುಗೊಳ್ಳುತ್ತದೆ. ಅಡುಗೆಯವರು ಒಂದು ಅಗುಳನ್ನು ಹಿಸುಕಿ ಹಂಡೆಯನ್ನು ಇಳಿಸಲಿ, ಅದು ಅವರ ಜಾಣತನ. ಗುರುವಾದವನು ಪ್ರತಿಯೊಂದು ಮಗುವನ್ನೂ ಬೇರೆ ಬೇರೆಯಾಗಿ ನೋಡಲಿ, ಅದು ಅವನ ಧರ್ಮ.